ಕಿಟಕಿಗೆ ಕಟ್ಟಿದ ಹಳದಿ ಬಟ್ಟೆ

ಏಪ್ರಿಲ್ ೧೮, ಶನಿವಾರ

ನಾನು ಈ ಬೀದಿಯ ನಿವಾಸಿಗಳ ಸಮಿತಿಯ ಅಧ್ಯಕ್ಷೆ. ಮೂರು ಸಲ ಆಯ್ಕೆಯಾಗಿದ್ದೇನೆ. ಎರಡು ಸಲ ಎದುರಿಗೆ ನಿಲ್ಲುವ ಧೈರ್ಯ ಯಾರಿಗೂ ಬರಲಿಲ್ಲ. ಮೂರನೆಯ ಸಲ ಬೇಕರಿಯವನು ನಿಂತ, ಅವನ ಹೆಂಡತಿಯೇ ನನ್ನ ಪರವಾಗಿ ಕೈ ಎತ್ತಿದಳು. ನಾನು ಹೈಸ್ಕೂಲು ಮುಗಿಸಿದವಳು. ಗಂಡ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದರು. ಅವರು ಹೋದ ಮೇಲೆ ಮಗನನ್ನು ದಡ ಸೇರಿಸಿದವಳು ನಾನು, ಈ ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಏಳಬೇಕು, ಒಲೆಯ ಮೇಲೆ ಏನಿರಬೇಕು ಎಂದು ಇವತ್ತಿಗೂ ಹೇಳುವವಳು ನಾನು. ಸಂಜೆ ಆರಕ್ಕೆ ಮೂಲೆಯ ಕಂಬದ ಧ್ವನಿವರ್ಧಕದಲ್ಲಿ ಬೀದಿಯ ಸುದ್ದಿ ಓದುವವಳೂ ನಾನೇ. ನೀರು ಯಾವಾಗ ಬರುತ್ತದೆ, ಸಭೆ ಎಲ್ಲಿ, ಯಾವ ಮಗುವಿಗೆ ಲಸಿಕೆ ಬಾಕಿಯಿದೆ, ಯಾರ ಬೆಕ್ಕು ತಪ್ಪಿಸಿಕೊಂಡಿದೆ, ಎಲ್ಲವೂ ನನ್ನ ಬಾಯಿಂದ ಬಂದರೇ ಜನ ನಂಬುತ್ತಾರೆ.

ಇದನ್ನು ಯಾರಿಗೂ ತೋರಿಸಲು ಬರೆಯುತ್ತಿಲ್ಲ. ಕಷ್ಟದ ಕಾಲದಲ್ಲಿ ಬರೆದಿಟ್ಟರೆ ತಲೆ ನೆಟ್ಟಗಿರುತ್ತದೆ.

ಇವತ್ತು ನಗರದ ಆರೋಗ್ಯ ಕಚೇರಿಯಿಂದ ಪ್ರಕಟಣೆ ಬಂತು. ಇಂಥ ಬಿಸಿಲು ತಮ್ಮ ದಾಖಲೆಯಲ್ಲೇ ಇಲ್ಲವಂತೆ, ಇನ್ನೂ ಏರುತ್ತದಂತೆ. ನೀರು ಕುಡಿಯುತ್ತಿರಿ, ಮಧ್ಯಾಹ್ನ ಹೊರಗೆ ಬರಬೇಡಿ, ಒಂಟಿಯಾಗಿರುವ ಹಿರಿಯರನ್ನು ದಿನಕ್ಕೆ ಎರಡು ಸಲ ಕಣ್ಣಾರೆ ನೋಡಿ ಮಾತನಾಡಿಸಿ ಎಂದಿದೆ. ಈ ಕಡೆಯ ವಾಕ್ಯವನ್ನು ನಾನು ಓದಲಿಲ್ಲ. ನಮ್ಮ ಬೀದಿಗೆ ಅದು ಬೇಕಿಲ್ಲ. ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಇದೆ, ನಾನೇ ಮಾಡಿದ್ದು.

ಒಂಟಿಯಾಗಿರುವ ಹನ್ನೊಂದು ಜನಕ್ಕೂ ಒಂದೊಂದು ಹಳದಿ ಬಟ್ಟೆಯ ಪಟ್ಟಿ ಕೊಟ್ಟಿದ್ದೇನೆ. ಹಳೆಯ ಪರದೆಯಿಂದ ಕತ್ತರಿಸಿದ್ದು, ಸೊಸೆ ಅಂಚು ಹೊಲಿದಳು. ಬೆಳಗ್ಗೆ ಏಳರೊಳಗೆ ಬೀದಿ ಕಡೆಯ ಕಿಟಕಿಯ ಸರಳಿಗೆ ಅದನ್ನು ಕಟ್ಟಬೇಕು, ಕತ್ತಲಾಗುವ ಮುಂಚೆ ಬಿಚ್ಚಬೇಕು. ಕಟ್ಟಿದ್ದರೆ ಮನೆಯವರು ಎದ್ದಿದ್ದಾರೆ, ಕೈಕಾಲು ಆಡುತ್ತಿವೆ ಎಂದು ಅರ್ಥ. ಕಟ್ಟದಿದ್ದರೆ ಹೋಗಿ ಬಾಗಿಲು ತಟ್ಟುವುದು. ನಾನು ಕೊಡೆ ಹಿಡಿದು ಬೀದಿಯ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದರೆ ಎಲ್ಲರ ಕ್ಷೇಮವೂ ತಿಳಿಯಿತು. ಮಹಡಿ ಹತ್ತುವ ಕೆಲಸ ತಪ್ಪಿತು, ಮಂಡಿಗೂ ಆರಾಮ.

ಏಪ್ರಿಲ್ ೨೦, ಸೋಮವಾರ

ಜನಕ್ಕೆ ಶಿಸ್ತು ಕಲಿಸುವುದು ಹುಡುಗಾಟವಲ್ಲ. ನಿನ್ನೆ ನಾಲ್ಕು ಬಟ್ಟೆ ತಡ, ಇವತ್ತು ಮೂರು. ಕೈಗಡಿಯಾರ ರಿಪೇರಿ ಮಾಡುವ ಮುದುಕ ಎಂಟೂವರೆಗೆ ಕಟ್ಟಿದ್ದಾನೆ. ಊರಿಗೆಲ್ಲ ಸಮಯ ಹೊಂದಿಸಿಕೊಟ್ಟವನಿಗೆ ತನ್ನ ಸಮಯ ಗೊತ್ತಿಲ್ಲ. ಹೊಲಿಗೆಯವಳು ಕಟ್ಟಲೇ ಇಲ್ಲ. ಹೋಗಿ ಬಾಗಿಲು ಬಡಿದರೆ ಯಂತ್ರದ ಮುಂದೆ ಆರಾಮಾಗಿ ಕೂತಿದ್ದಾಳೆ.

ಮೂರನೆಯವಳು ನನ್ನ ನಾದಿನಿ. ಎದುರು ಕಟ್ಟಡದ ಮೂರನೆಯ ಮಹಡಿಯಲ್ಲಿ, ತಗಡಿನ ಸೂರಿನ ಒಂದೇ ಕೋಣೆಯಲ್ಲಿದ್ದಾಳೆ. ನ್ಯಾಯಾಲಯದಲ್ಲಿ ಬೆರಳಚ್ಚು ಮಾಡುತ್ತಿದ್ದವಳು, ಮದುವೆ ಬೇಡವೆಂದವಳು. ನಿವೃತ್ತಿಯಾದ ಮೇಲೆ ಅಣ್ಣನ ಮನೆಗೆ ಬಾ ಎಂದರೆ ಬರಲಿಲ್ಲ. ಎಂದಿನಿಂದಲೂ ಹಾಗೆಯೇ, ನಾನು ಎಡ ಎಂದರೆ ಅವಳದು ಬಲ.

ತಡ ಮಾಡಿದ ಮೂವರನ್ನೂ ಸಂಜೆ ಸುದ್ದಿಯಲ್ಲಿ ಓದಿದೆ. ನಾದಿನಿ ಎಂದು ಬಿಡಲಿಲ್ಲ, ಅವಳನ್ನೇ ಮೊದಲು ಓದಿದೆ. ಅಧ್ಯಕ್ಷೆಗೆ ತನ್ನವರು ಪರರು ಎಂಬ ಭೇದ ಇರಬಾರದು. ಓದಿ ಮನೆಗೆ ಬರುವಾಗ ಅವಳು ಕಿಟಕಿಯಿಂದ ಬಗ್ಗಿ ಬೀದಿಗೆಲ್ಲ ಕೇಳುವಂತೆ ಅಂದಳು:

"ಅತ್ತಿಗೆ, ನೀವು ಸಮಿತಿಗಲ್ಲ, ಜೈಲಿಗೆ ಅಧ್ಯಕ್ಷರಾಗ್ಬೇಕಿತ್ತು."

ಬೇಕರಿಯವನು ನಕ್ಕ. ನಾನು ತಲೆ ಎತ್ತಲಿಲ್ಲ.

ಏಪ್ರಿಲ್ ೨೨, ಬುಧವಾರ

ಇವತ್ತು ಸಾರ್ವಜನಿಕ ಸಭೆ. ಆರೋಗ್ಯಾಧಿಕಾರಿ ಬಂದಿದ್ದಳು, ನನ್ನ ಸೊಸೆಗಿಂತ ಚಿಕ್ಕವಳು. ಹಳೆಯ ಅಂಚೆ ಕಚೇರಿ ಖಾಲಿ ಬಿದ್ದಿದೆಯಲ್ಲ, ಕಲ್ಲಿನ ದಪ್ಪ ಗೋಡೆ, ಎತ್ತರದ ಚಾವಣಿ. ಅದರ ಹಜಾರದಲ್ಲಿ ಮಂಚ, ಫ್ಯಾನು, ಜನರೇಟರು ಇಟ್ಟಿದ್ದಾರಂತೆ. ನರ್ಸ್ ಇರುತ್ತಾಳಂತೆ. ಬಿಸಿಲು ಇಳಿಯುವವರೆಗೆ ಒಂಟಿ ಹಿರಿಯರು ಹಗಲೂ ರಾತ್ರಿಯೂ ಅಲ್ಲೇ ಇರಬೇಕಂತೆ. ಪಕ್ಕದ ಎರಡು ಬೀದಿಗಳಿಂದ ಆಗಲೇ ಜನ ಹೋಗಿದ್ದಾರಂತೆ.

ನಾನು ಎದ್ದು ನಿಂತೆ. "ನಮ್ಮ ಬೀದಿಯಲ್ಲಿ ದಿಕ್ಕಿಲ್ಲದವರು ಯಾರೂ ಇಲ್ಲ," ಎಂದೆ. "ಸರ್ಕಾರದ ಹಜಾರದಲ್ಲಿ ಸಾಲಾಗಿ ಮಲಗೋ ಗತಿ ನಮ್ಮವರಿಗೆ ಬಂದಿಲ್ಲ. ನಮ್ಮವರನ್ನ ನಾವು ನೋಡ್ಕೋತೀವಿ."

ಜನ ಚಪ್ಪಾಳೆ ತಟ್ಟಿದರು. ಗಡಿಯಾರದವನು ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದ. ಆಮೇಲೆ ಬಟ್ಟೆಯ ವ್ಯವಸ್ಥೆಯನ್ನು ಅವಳಿಗೆ ವಿವರಿಸಿದೆ. ಕೇಳಿಸಿಕೊಂಡಳು, ಬರೆದುಕೊಂಡಳು. ಹೊರಡುವಾಗ ನನ್ನ ಹತ್ತಿರ ಬಂದು ಮೆಲ್ಲಗೆ, "ಚೆನ್ನಾಗಿದೆ ಅಮ್ಮ. ಆದ್ರೆ ಬಟ್ಟೆ ಮಾತಾಡಲ್ಲವಲ್ಲ," ಎಂದಳು. ಓದಿದವರಿಗೆ ಎಲ್ಲದರಲ್ಲೂ ಒಂದು ಕೊಂಕು ಹುಡುಕುವ ಚಟ.

ಹಜಾರಕ್ಕೆ ಹೋಗುತ್ತೇವೆಂದು ನಮ್ಮ ಬೀದಿಯ ಒಬ್ಬರೂ ಕೈ ಎತ್ತಲಿಲ್ಲ. ಅಷ್ಟು ಮರ್ಯಾದೆ ಉಳಿಸಿಕೊಂಡಿದ್ದೇವೆ.

ಏಪ್ರಿಲ್ ೨೫, ಶನಿವಾರ

ಗುರುವಾರದಿಂದ ಒಂದು ಬಟ್ಟೆಯೂ ತಡವಿಲ್ಲ. ನಾನು ಏಳಕ್ಕೆ ಮುಂಚೆಯೇ ಹೊರಟರೂ ಹನ್ನೊಂದೂ ಕಟ್ಟಿರುತ್ತವೆ. ಗಡಿಯಾರದವನದು ಇದೆ, ಹೊಲಿಗೆಯವಳದು ಇದೆ. ನಾದಿನಿಯದಂತೂ ನಾನು ಎದ್ದು ಕಿಟಕಿ ತೆರೆಯುವ ಹೊತ್ತಿಗೇ ಎದುರಿಗೆ ನೇತಾಡುತ್ತಿರುತ್ತದೆ. ಐವತ್ತು ವರ್ಷದಲ್ಲಿ ಆಗದ ಕೆಲಸವನ್ನು ಒಂದು ಧ್ವನಿವರ್ಧಕ ಮಾಡಿತು. ನಾಲ್ಕು ಜನರ ಮುಂದೆ ಹೇಳಿದರೆ ಎಂಥವರೂ ದಾರಿಗೆ ಬರುತ್ತಾರೆ. ಸಂಜೆ ಸುದ್ದಿಯಲ್ಲಿ ಎಲ್ಲರನ್ನೂ ಮೆಚ್ಚಿ ಒಂದು ಮಾತು ಹೇಳಿದೆ. ಬೈದಷ್ಟೇ ಹೊಗಳಬೇಕು.

ಬಿಸಿಲು ಮಾತ್ರ ಹೇಳತೀರದು. ಹನ್ನೆರಡಕ್ಕೆ ಕರೆಂಟು ಹೋದರೆ ಆರಕ್ಕೆ ಬರುತ್ತದೆ. ಮೆಟ್ಟಿಲಿನ ಕಬ್ಬಿಣದ ಕಂಬಿ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ನಲ್ಲಿಯಲ್ಲಿ ಬರುವ ನೀರೇ ಕಾದಿರುತ್ತದೆ. ಮೊಮ್ಮಕ್ಕಳಿಬ್ಬರೂ ಬರಿಮೈಯಲ್ಲಿ ನೆಲಕ್ಕೆ ಅಂಟಿಕೊಂಡು ಮಲಗುತ್ತಾರೆ, ಏಳು ಎಂದರೆ ಅಳುತ್ತಾರೆ.

ಚಿಕ್ಕತ್ತೆಯನ್ನು ಒಂದು ಸಲ ನೋಡಿಕೊಂಡು ಬರಲಾ ಎಂದು ಸೊಸೆ ಕೇಳಿದಳು. ನಾದಿನಿಯನ್ನು ಅವಳು ಹಾಗೆ ಕರೆಯುತ್ತಾಳೆ. ಈ ಬಿಸಿಲಲ್ಲಿ ಮೂರು ಮಹಡಿ ಯಾಕೆ ಹತ್ತುತ್ತೀಯ, ಬಟ್ಟೆ ಕಾಣುತ್ತಿಲ್ಲವೇ ಎಂದೆ. ಸೊಸೆ ಎದುರು ಕಿಟಕಿಯನ್ನೊಮ್ಮೆ ನೋಡಿ, ಮಕ್ಕಳಿಗೆ ಗಾಳಿ ಬೀಸಲು ಹೋದಳು.

ಏಪ್ರಿಲ್ ೨೭, ಸೋಮವಾರ

ಹನ್ನೊಂದೂ ಸರಿ. ಸಂಜೆ ಓದುವಾಗ ನಾಲಿಗೆ ಒಣಗಿ ಎರಡು ಸಲ ನಿಲ್ಲಿಸಬೇಕಾಯಿತು. ಆಚೆ ಬೀದಿಯಲ್ಲಿ ಇಬ್ಬರು ಹೋದರಂತೆ. ನಮ್ಮಲ್ಲಿ ಯಾರಿಗೂ ಏನೂ ಇಲ್ಲ ಎಂದು ಧೈರ್ಯವಾಗಿ ಓದಿದೆ.

ಏಪ್ರಿಲ್ ೨೮, ಮಂಗಳವಾರ

ಗಡಿಯಾರದವನು ಹೋದ.

ಬೆಳಗ್ಗೆ ಅವನ ಕೆಳಗಿನ ಮನೆಯವರು ಬಂದು, ಮೇಲಿಂದ ವಾಸನೆ ಬರುತ್ತಿದೆ ಎಂದರು. ಬಟ್ಟೆ ಕಟ್ಟಿದೆಯಲ್ಲ ಎಂದೆ. ನಿಜ, ಕಟ್ಟಿತ್ತು. ನಾನೇ ಏಳಕ್ಕೆ ನೋಡಿದ್ದೆ. ಇಲಿ ಸತ್ತಿರಬೇಕು ಎಂದೂ ಅಂದೆ. ಆದರೂ ಹೋದೆ. ಒಳಗಿಂದ ಚಿಲಕ ಹಾಕಿತ್ತು. ಬಡಗಿ ಬಂದು ಬಾಗಿಲು ಬಿಚ್ಚಿದ.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾನೆ, ಮೇಜಿನ ಮೇಲೆ ತಲೆಯಿಟ್ಟು. ಕಣ್ಣಿಗೆ ಹಾಕಿಕೊಳ್ಳುವ ಭೂತಗನ್ನಡಿ ಕೈಯಲ್ಲೇ ಇದೆ. ಯಾರದೋ ಕೈಗಡಿಯಾರ ಹೊಟ್ಟೆ ಬಿಚ್ಚಿಕೊಂಡು ಬಿದ್ದಿದೆ. ನೀರಿನ ಹೂಜಿ ಖಾಲಿ. ಹಳದಿ ಬಟ್ಟೆ ಅವನ ತಲೆಯಿಂದ ಒಂದು ಮೊಳ ದೂರದಲ್ಲಿ ಕಿಟಕಿಯ ಸರಳಿಗೆ ಕಟ್ಟಿದೆ.

ವೈದ್ಯರು ಬಂದು, ಭಾನುವಾರವೇ ಹೋಗಿದ್ದಾರೆ ಎಂದರು.

ಭಾನುವಾರ ಸುತ್ತು ಹೊಡೆದೆ. ಸೋಮವಾರ ಸುತ್ತು ಹೊಡೆದೆ. ಇವತ್ತೂ. ಅದೇ ಕಿಟಕಿಯ ಕೆಳಗೆ ನಿಂತು, ತಲೆ ಎತ್ತಿ ನೋಡಿ, ಸರಿ ಎಂದುಕೊಂಡು ಮುಂದೆ ಹೋಗಿದ್ದೇನೆ.

ಸತ್ತವನು ಬಟ್ಟೆ ಕಟ್ಟುವುದು ಹೇಗೆ? ಯಾರೋ ಕುಚೇಷ್ಟೆ ಮಾಡಿದ್ದಾರೆ ಎಂದು ಮನೆಗೆ ಬಂದು ಕೂಗಾಡಿದೆ. ಸೊಸೆ ಪಾತ್ರೆ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ನನ್ನ ಎದುರಿಗೆ ಬಂದು ನಿಂತಳು. ಹಾಗೆ ನಿಲ್ಲುವವಳಲ್ಲ.

"ಯಾರೂ ಬಂದು ಕಟ್ಟಿಲ್ಲ ಅತ್ತೆ. ಅವರು ಬಿಚ್ಚೇ ಇಲ್ಲ. ಯಾರೂ ಬಿಚ್ಚಲ್ಲ. ತಡವಾದ್ರೆ ಮೈಕಲ್ಲಿ ಓದ್ತೀರಲ್ಲ, ಅದಕ್ಕೆ ರಾತ್ರಿಯೆಲ್ಲ ಹಾಗೇ ಬಿಟ್ಟಿರ್ತಾರೆ."

"ನಿನಗೆ ಗೊತ್ತಿತ್ತಾ?"

"ಬೀದಿಗೆಲ್ಲ ಗೊತ್ತು. ನಿಮಗೆ ಹೇಳೋರು ಯಾರು?"

ಸಂಜೆ ಅವನ ಸಾವಿನ ಸುದ್ದಿ ಓದಿದೆ. ಬಟ್ಟೆಯ ವಿಷಯ ಓದಲಿಲ್ಲ. ಓದಿ ಬರುವಾಗ ಎದುರು ಕಟ್ಟಡದತ್ತ ನೋಡಿದೆ. ಮೂರನೆಯ ಮಹಡಿಯಲ್ಲಿ ಹಳದಿ ಬಟ್ಟೆ ಇತ್ತು. ಇದ್ದರೆ ಏನು.

ಮೆಟ್ಟಿಲು ಹತ್ತಿದೆ. ಅವಳು ಬಾಗಿಲು ತೆರೆದಳು. ಇದ್ದಾಳೆ. ಹಾಗೇ ಇಳಿದು ಬಂದುಬಿಟ್ಟೆ.

ಏಪ್ರಿಲ್ ೨೯, ಬುಧವಾರ

ಇವತ್ತು ಬೆಳಗ್ಗೆ ಹಾಲು ತೆಗೆದುಕೊಂಡು ನಾದಿನಿಯ ಮನೆಗೆ ಹೋದೆ. ಬಟ್ಟೆಯ ವ್ಯವಸ್ಥೆಗೆ ಮುಂಚೆ ದಿನವೂ ಹಾಗೆ ಹೋಗುತ್ತಿದ್ದೆ. ಅದನ್ನು ನಿಲ್ಲಿಸಿದ್ದು ನನಗೆ ಮೆಟ್ಟಿಲು ಹತ್ತುವಾಗಲೇ ನೆನಪಾಯಿತು.

ಕೋಣೆಯೊಳಗೆ ಕಾಲಿಟ್ಟರೆ ಇಟ್ಟಿಗೆ ಸುಡುವ ಗೂಡಿನ ಬಾಯಿಗೆ ಮುಖ ಕೊಟ್ಟ ಹಾಗೆ. ತಗಡು ಟಕ್ ಟಕ್ ಎನ್ನುತ್ತದೆ, ಕಾದು ಹಿಗ್ಗುವ ಸದ್ದು. ಹಾಸಿಗೆಯನ್ನು ನೆಲಕ್ಕೆ ಹಾಕಿಕೊಂಡಿದ್ದಾಳೆ, ಅದರ ಮೇಲೆ ನೆನೆಸಿದ ಹೊದಿಕೆ. ಹೊದಿಕೆ ಒಣಗಿದಾಗಲೆಲ್ಲ ಎದ್ದು ಬಕೆಟ್ಟಿನಲ್ಲಿ ಅದ್ದುತ್ತಾಳಂತೆ. ತುಟಿ ಬಿರಿದು ಕಪ್ಪಾಗಿದೆ. ಬೆರಳುಗಳು ಊದಿವೆ. ಕಿಟಕಿಯ ಬಟ್ಟೆಯನ್ನು ನಾನೇ ಬಿಚ್ಚಲು ಹೋದೆ, ಆಗಲಿಲ್ಲ. ಮೂರು ಗಂಟು ಹಾಕಿ ಬಿಗಿದಿದ್ದಳು.

ಮನೆಗೆ ಬಾ ಎಂದೆ.

"ನಿಮ್ಮ ಮನೇಲಿ ಎರಡು ಕೋಣೆ, ಐದು ಜನ. ನಾನೆಲ್ಲಿ ಮಲಗ್ಲಿ, ಬಾಗಿಲ ಹಿಂದೆನಾ? ಅದೂ ಕಾದ ಹಂಚೇ ಅಲ್ವಾ ಅತ್ತಿಗೆ."

ಅದು ನಿಜ. ನಮ್ಮದೂ ಕಡೆಯ ಮಹಡಿಯೇ. ಹಾಗಾದರೆ ಅಂಚೆ ಕಚೇರಿಯ ಹಜಾರಕ್ಕೆ ಹೋಗು ಎಂದೆ. ಅವಳು ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು. ನಕ್ಕಾಗ ತುಟಿಯಿಂದ ರಕ್ತ ಬಂತು.

"ಅದು ದಿಕ್ಕಿಲ್ಲದವರ ಹಜಾರ ಅಂತ ಹೆಸರಿಟ್ಟೋರು ನೀವು. ಈಗ ಬೀದಿಯೆಲ್ಲ ಹಾಗೇ ಕರೀತಾರೆ. ನಲವತ್ತು ವರ್ಷ ಒಬ್ಬಳೇ ದುಡಿದು ತಿಂದಿದೀನಿ. ಈಗ ಅಲ್ಲಿ ಹೋಗಿ ಮಲಗಿ, ಇವಳಿಗೆ ಯಾರೂ ಇಲ್ಲ ಅಂತ ಅನ್ನಿಸ್ಕೊಳ್ಳಲಾ? ಇಲ್ಲೇ ಬೇಯ್ತೀನಿ ಬಿಡಿ."

ಎರಡು ಸಲ ಹೇಳಿದೆ. ಹಟಮಾರಿ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಹನ್ನೆರಡು ವರ್ಷ, ಆಗಲೂ ಹೀಗೇ ಇದ್ದಳು. ಹಾಲು ಕಾಯಿಸಿ ಕುಡಿಸಿ ಬಂದೆ. ಅರ್ಧ ಕುಡಿದಳು.

ಏಪ್ರಿಲ್ ೩೦, ಗುರುವಾರ

ತುರ್ತು ಸಭೆ. ಆರೋಗ್ಯಾಧಿಕಾರಿ ಮತ್ತೆ ಬಂದಿದ್ದಳು. ಗಡಿಯಾರದವನ ವಿಷಯದಲ್ಲಿ ನನ್ನ ಕಡೆಗೆ ಬೆರಳು ತೋರಿಸುತ್ತಾಳೆ ಎಂದುಕೊಂಡಿದ್ದೆ, ತೋರಿಸಲಿಲ್ಲ. ಇನ್ನೂ ಹತ್ತು ದಿನ ಹೀಗೆಯೇ ಇರುತ್ತದೆ, ಹಜಾರದಲ್ಲಿ ಜಾಗವಿದೆ, ಬನ್ನಿ ಎಂದಳು. ಅಷ್ಟೇ.

ಉಳಿದ ಹತ್ತು ಜನರಲ್ಲಿ ಆರು ಜನ ಸಭೆಗೆ ಬಂದಿದ್ದರು. ಎಲ್ಲರೂ ನನ್ನ ಮುಖ ನೋಡಿದರು. ಏನು ಹೇಳಲಿ. ಎಂಟು ದಿನದ ಹಿಂದೆ ಇದೇ ಜಾಗದಲ್ಲಿ ನಿಂತು ಆಡಿದ ಮಾತನ್ನು ಹೇಗೆ ನುಂಗಲಿ. ಇನ್ನು ಮೇಲೆ ಬಟ್ಟೆ ಬೇಡ, ನಾವು ನಾವೇ ಮನೆಮನೆಗೆ ಹೋಗಿ ಮಾತನಾಡಿಸೋಣ ಎಂದು ಹೇಳಿ ಕೂತೆ. ಯಾರೋ ಚಪ್ಪಾಳೆಗೆ ಕೈ ಎತ್ತಿ ಹಾಗೇ ಇಳಿಸಿದರು.

ಸಭೆ ಮುಗಿದ ಮೇಲೆ ಬೇಕರಿಯವನು ಬಳಿ ಬಂದು, ಬ್ರೆಡ್ಡು ಹಂಚುವಾಗ ತಾನೂ ಬಾಗಿಲು ತಟ್ಟುತ್ತೇನೆ ಎಂದ. ಆಗಲಿ ಎಂದೆ. ಅವನಿಗೆ ಕೃತಜ್ಞತೆ ಹೇಳಿದ್ದು ಬಹುಶಃ ಇದೇ ಮೊದಲು.

ಮೇ ೨, ಶನಿವಾರ

ನಿನ್ನೆ ಎಲ್ಲ ಮನೆಗೂ ಹೋದೆ, ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಮಂಡಿ ಬಾತುಕೊಂಡಿದೆ. ಇವತ್ತು ಮಧ್ಯಾಹ್ನದ ಅರ್ಧ ಮನೆಗಳನ್ನು ತಾನು ನೋಡುತ್ತೇನೆ ಎಂದು ಸೊಸೆ ಹಂಚಿಕೊಂಡಳು.

ಇವತ್ತು ಬೆಳಗ್ಗೆ ಹೊಲಿಗೆಯವಳ ಮನೆಗೆ ಹೋದಾಗ ಅವಳು ಯಂತ್ರದ ಮುಂದೆಯೇ ಇದ್ದಳು, ಆದರೆ ತುಳಿಯುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ, ಎರಡು ಸೂಜಿ ಕಾಣುತ್ತಿದೆ ಎಂದಳು. ನೀರು ಕುಡಿಸಿದೆ. ಯಂತ್ರವಿಟ್ಟ ಹಿತ್ತಿಲ ಕಡೆಯ ಆ ಕೋಣೆಗೆ ಗಾಳಿ ಎಂಬುದೇ ಇಲ್ಲ. ಹಜಾರಕ್ಕೆ ಹೋಗು ಎಂದೆ, ನಾನೇ ಕರೆದುಕೊಂಡು ಹೋಗಿ ಬಿಡುತ್ತೇನೆ ಎಂದೆ. ಅವಳು ತಮಾಷೆಗೆ ಅಂದ ಹಾಗೆ ಅಂದಳು:

"ಅಧ್ಯಕ್ಷರು ಅಲ್ಲಿ ಮಲಗ್ತೀರಾ? ನೀವು ಮಲಗಿದ್ರೆ ಹೇಳಿ, ಪಕ್ಕದ ಮಂಚ ನಂದು."

ನಾನ್ಯಾಕೆ ಮಲಗಲಿ, ನನಗೆ ಮಗ ಇದ್ದಾನೆ ಎಂದೆ. ಹಾಗೆಯೇ ಅಂದೆ. ಅವಳು ತಲೆಯಾಡಿಸಿ ಮತ್ತೆ ಸೂಜಿ ಹಿಡಿದಳು.

ಮಧ್ಯಾಹ್ನ ಸೊಸೆ ಹೋದಾಗ ನೆಲದ ಮೇಲೆ ಬಿದ್ದಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತಂತೆ, ಬೆವರೇ ಇರಲಿಲ್ಲವಂತೆ. ಆಂಬುಲೆನ್ಸು ಬರುವ ಮುಂಚೆಯೇ ಮುಗಿಯಿತು.

ಆರೋಗ್ಯಾಧಿಕಾರಿ ಬಂದಳು. ನಾನು ಹೊಸಿಲ ಮೇಲೆ ಕೂತಿದ್ದೆ. ನನ್ನ ಪಕ್ಕದಲ್ಲಿ ಅವಳೂ ಕೂತಳು, ಆ ಧೂಳಿನಲ್ಲಿ.

"ನೀವು ನೋಡಿದ್ರಿ, ಮಾತಾಡಿಸಿದ್ರಿ," ಎಂದಳು. "ಆದ್ರೆ ಅವರನ್ನ ಕೊಲ್ಲೋದು ಆ ಕೋಣೆ. ಕೋಣೆಯಿಂದ ಹೊರಗೆ ತರದೆ ಎಷ್ಟು ಸಲ ಬಾಗಿಲು ತಟ್ಟಿದ್ರೂ ಅಷ್ಟೇ ಅಮ್ಮ."

"ಕರೆದ್ರೆ ಬರಲ್ಲ."

"ಯಾಕೆ ಬರಲ್ಲ?"

ಅವಳಿಗೆ ಗೊತ್ತಿತ್ತು. ನನ್ನ ಬಾಯಿಂದ ಬರಲಿ ಎಂದು ಕಾದಳು. ನಾನು ಹೇಳಲಿಲ್ಲ. ಧೂಳು ಕೊಡವಿಕೊಂಡು ಎದ್ದು ಹೋದಳು.

ಸಂಜೆ ಸುದ್ದಿ ಓದಲಿಲ್ಲ. ಬೇಕರಿಯವನಿಗೆ ಓದಲು ಹೇಳಿದೆ.

ಮೇ ೩, ಭಾನುವಾರ

ನಾದಿನಿಗೆ ಇವತ್ತು ಎದ್ದು ಬಾಗಿಲು ತೆರೆಯಲು ಆಗಲಿಲ್ಲ. ತೆವಳಿಕೊಂಡು ಬಂದು ಚಿಲಕ ತೆಗೆದಳು. ಹಾಲು ಬೇಡವೆಂದಳು. ನೀರು ಹಿಡಿದ ಲೋಟ ಕೈಯಿಂದ ಜಾರಿತು. ಹೊದಿಕೆ ನೆನೆಸಿ ಹೊದಿಸಿದೆ. ಪಕ್ಕದಲ್ಲಿ ಕೂತೆ. ಬಯ್ದೆ, ಬೇಡಿಕೊಂಡೆ. ನಾನು ಬೇಡಿಕೊಂಡದ್ದು ನೋಡಿ ಅವಳಿಗೆ ಹೆದರಿಕೆಯಾಯಿತು ಎಂದು ಕಾಣುತ್ತದೆ, ನಾನು ಸಾಯ್ತೀನಾ ಅತ್ತಿಗೆ ಎಂದು ಕೇಳಿದಳು. ಆದರೂ ಬರುವುದಿಲ್ಲವಂತೆ. ಎತ್ತಿಸಿಕೊಂಡು ಹೋಗುತ್ತೇನೆ ಎಂದರೆ ಬೀದಿಯುದ್ದಕ್ಕೂ ಕಿರುಚುತ್ತೇನೆ ಎಂದಳು. ಕಿರುಚಲು ಅವಳಲ್ಲಿ ಉಸಿರೆಲ್ಲಿದೆ. ಆದರೆ ಹಾಗೆ ಎತ್ತಿಕೊಂಡು ಹೋದರೆ ಇವಳೊಬ್ಬಳು. ಉಳಿದವರು?

ಅವಳಿಗೆ ಸಾವಿನ ಭಯಕ್ಕಿಂತ ಬೀದಿಯ ಭಯ ದೊಡ್ಡದಾಗಿದೆ. ಬೀದಿಯ ಭಯ ಅಂದರೆ ಯಾರ ಭಯ.

ಮುಂದಕ್ಕೆ ಬರೆಯಲಾರೆ.

ಮೇ ೪, ಸೋಮವಾರ

ಇದನ್ನು ಅಂಚೆ ಕಚೇರಿಯ ಹಜಾರದಲ್ಲಿ, ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಳಗ್ಗೆ ಎದ್ದ ತಕ್ಷಣ ಮಗನಿಗೆ ಹೇಳಿದೆ. ಅವನು ಬಸ್ಸು ಓಡಿಸುವವನು, ಪಾಳಿಗೆ ಹೊರಟಿದ್ದ. ಕೈಯಲ್ಲಿದ್ದ ಟೋಪಿಯನ್ನು ನೆಲಕ್ಕೆ ಹಾಕಿದ. ಅವನು ಹಾಗೆ ಮಾಡಿದ್ದು ಚಿಕ್ಕವನಿದ್ದಾಗ ಬಿಟ್ಟರೆ ಇವತ್ತೇ.

"ಅಮ್ಮ, ಮಗ ಸೊಸೆ ಇದ್ದೂ ನೀನು ಅಲ್ಲಿ ಹೋಗಿ ಮಲಗಿದ್ರೆ ಜನ ನನ್ನ ಮುಖಕ್ಕೆ ಉಗೀತಾರೆ. ತಾಯಿನ ಮನೆಯಿಂದ ಹಾಕಿದ ಅಂತಾರೆ."

"ಅಂತಾರೆ," ಎಂದೆ. "ಅನ್ನಲಿ. ಅವರು ಅಂದ್ಕೊಂಡಷ್ಟೂ ಒಳ್ಳೇದು."

ಅವನಿಗೆ ಅರ್ಥವಾಗಲಿಲ್ಲ. ಸೊಸೆಗೆ ಆಯಿತು. ಅವಳು ಒಳಗೆ ಹೋಗಿ ನನ್ನ ಎರಡು ಸೀರೆ, ಕನ್ನಡಕ, ಮಂಡಿಗೆ ಹಚ್ಚುವ ಎಣ್ಣೆ, ಈ ದಿನಚರಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ತಂದು ನನ್ನ ಮುಂದಿಟ್ಟಳು. ಅಡುಗೆಮನೆಯಲ್ಲಿ ಏನು ಎಲ್ಲಿದೆ ಎಂದು ಅವಳಿಗೆ ಹೇಳಲು ಹೋದೆ. ಹತ್ತು ವರ್ಷದಿಂದ ಅಲ್ಲೇ ನಿಂತು ಕೆಲಸ ಮಾಡುವವಳಿಗೆ ಏನು ಹೇಳುವುದು. ಚೀಲ ಎತ್ತಿಕೊಂಡೆ.

ಸುದ್ದಿ ಓದುವ ಹೊತ್ತು ಸಂಜೆ ಆರು. ಇವತ್ತು ಬೆಳಗ್ಗೆ ಎಂಟಕ್ಕೇ ಓದಿದೆ. ಎಂಟಕ್ಕೆ ಎಲ್ಲರೂ ಮನೆಯಲ್ಲಿರುತ್ತಾರೆ. ಎಂದಿನ ಧ್ವನಿಯಲ್ಲೇ ಓದಿದೆ, ನೀರಿನ ಸಮಯ ಓದುವ ಹಾಗೆ. ಈ ಬೀದಿಯ ಸಮಿತಿಯ ಅಧ್ಯಕ್ಷೆ ಇವತ್ತಿನಿಂದ ಹಳೆಯ ಅಂಚೆ ಕಚೇರಿಯ ಹಜಾರದಲ್ಲಿ ಇರುತ್ತಾರೆ, ಅವರನ್ನು ಕಾಣಬೇಕಾದವರು ಅಲ್ಲಿಗೇ ಬರಬೇಕು. ಅಲ್ಲಿ ಮಲಗುವವರು ದಿಕ್ಕಿಲ್ಲದವರು ಎಂದು ಅಧ್ಯಕ್ಷೆ ಹೇಳಿದ್ದರು, ಆ ಲೆಕ್ಕದಲ್ಲಿ ದಿಕ್ಕಿಲ್ಲದವರಲ್ಲಿ ಅವರೇ ಮೊದಲಿನವರು. ಇಷ್ಟು ಓದಿ, ಎರಡನೆಯ ಸಲವೂ ಓದಿ, ಸ್ವಿಚ್ಚು ಆರಿಸಿ ಮೈಕಿನ ಪೆಟ್ಟಿಗೆಯ ಬೀಗದ ಕೈಯನ್ನು ಬೇಕರಿಯವನ ಕೈಗೆ ಕೊಟ್ಟೆ.

ಆಮೇಲೆ ನಡೆದೆ. ಪಾಳಿಗೆ ಹೋಗದೆ ಉಳಿದಿದ್ದ ಮಗ ಚೀಲ ಹಿಡಿದುಕೊಳ್ಳುತ್ತೇನೆ ಎಂದ, ಕೊಡಲಿಲ್ಲ. ಒಂದು ಕೈಯಲ್ಲಿ ಚೀಲ, ಕಂಕುಳಲ್ಲಿ ದಿಂಬು. ಕಿಟಕಿಗಳಲ್ಲೆಲ್ಲ ಮುಖ. ನಾನು ಓಡಾಡಿದರೆ ಬಾಗಿಲಲ್ಲಿ ನಿಂತವರು ಒಳಗೆ ಸರಿಯುತ್ತಿದ್ದರು, ಇವತ್ತು ಒಳಗಿದ್ದವರು ಹೊರಗೆ ಬಂದು ನೋಡಿದರು. ಯಾರೋ ಒಬ್ಬಳು, ಅಯ್ಯೋ ಪಾಪ ಅಂದಳು. ನನ್ನ ಜೀವಮಾನದಲ್ಲಿ ನನಗೆ ಯಾರೂ ಆ ಮಾತು ಅಂದಿರಲಿಲ್ಲ, ಗಂಡ ಹೋದಾಗಲೂ ಅನ್ನಲು ಬಿಟ್ಟಿರಲಿಲ್ಲ. ಬೆನ್ನು ನೆಟ್ಟಗೆ ಇಟ್ಟುಕೊಂಡು ನಡೆದೆ. ಮಂಡಿ ಎರಡು ಕಡೆ ನಿಲ್ಲಿಸಿತು.

ಹಜಾರದಲ್ಲಿ ನರ್ಸ್ ಒಳಗಿನ ಮೂಲೆಯ ಮಂಚ ತೋರಿಸಿದಳು, ಅಲ್ಲಿ ತಂಪು ಹೆಚ್ಚಂತೆ, ಮರೆಯೂ ಇದೆಯಂತೆ. ಬೇಡ, ದೊಡ್ಡ ಬಾಗಿಲಿನ ಎದುರಿಗೆ ಬೀದಿಗೆ ಕಾಣುವ ಹಾಗೆ ಹಾಕು ಎಂದೆ. ಅಲ್ಲಿ ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದಳು. ಹೊಡೆಯಲಿ ಎಂದೆ.

ಮಲಗಿದೆ. ಸೆರಗು ಮುಖಕ್ಕೆ ಎಳೆದುಕೊಳ್ಳಲಿಲ್ಲ.

ಸೊಸೆಯನ್ನು ನಾದಿನಿಯ ಮನೆಗೆ ಕಳಿಸಿದ್ದೆ. ಬಾ ಎಂದು ಕರೆಯಬೇಡ ಎಂದು ಹೇಳಿದ್ದೆ. ಅತ್ತಿಗೆ ಹಜಾರದಲ್ಲಿ ಬಾಗಿಲಿಗೆ ಮುಖ ಮಾಡಿ ಮಲಗಿದ್ದಾರೆ, ಊರೆಲ್ಲ ನೋಡುತ್ತಿದೆ, ಅಷ್ಟು ಮಾತ್ರ ಹೇಳು ಎಂದಿದ್ದೆ. ನನ್ನನ್ನು ನೋಡಿ ನಗುವ ಅವಕಾಶವನ್ನು ಅವಳು ಬಿಟ್ಟುಕೊಡುವವಳಲ್ಲ. ಅದನ್ನು ನಂಬಿಯೇ ಮಲಗಿದ್ದೆ.

ಹತ್ತೂವರೆಯ ಹೊತ್ತಿಗೆ ಬಂದಳು. ಬಂದಳು ಎನ್ನುವ ಹಾಗಿಲ್ಲ. ಮಗನೂ ಬೇಕರಿಯವನೂ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು, ಕುರ್ಚಿಗೆ ಸೀರೆಯಿಂದ ಸೊಂಟ ಕಟ್ಟಿದ್ದರು. ಕತ್ತು ಒಂದು ಕಡೆ ವಾಲಿತ್ತು. ನನ್ನ ಮಂಚದ ಮುಂದೆ ಇಳಿಸಿದಾಗ ಕಣ್ಣು ತೆರೆದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನತ್ತಿಗೆ," ಎಂದಳು, ಧ್ವನಿ ಗಂಟಲಿನಿಂದಾಚೆ ಬರುತ್ತಿರಲಿಲ್ಲ, "ಮಗ ಹೊರಗೆ ಹಾಕಿದ್ನಾ?"

"ಹಾಕಿದ," ಎಂದೆ.

ಮಗ ತಲೆ ತಗ್ಗಿಸಿ ನಿಂತಿದ್ದ. ಅವಳು ನಗಲು ನೋಡಿದಳು. ಕೆಮ್ಮು ಬಂತು. ನರ್ಸ್ ಓಡಿ ಬಂದು ಅವಳ ಕೈಗೆ ಸೂಜಿ ಚುಚ್ಚಿ ಬಾಟಲಿ ನೇತುಹಾಕಿದಳು, ಕುತ್ತಿಗೆಗೂ ಕಂಕುಳಿಗೂ ಒದ್ದೆ ಬಟ್ಟೆ ಇಟ್ಟಳು. ಮೂತ್ರಪಿಂಡಕ್ಕೆ ಎಷ್ಟು ಪೆಟ್ಟಾಗಿದೆಯೋ ನಾಳೆ ರಕ್ತ ನೋಡಿದ ಮೇಲೆ ತಿಳಿಯುತ್ತದೆ, ಈಗಲೇ ಏನೂ ಹೇಳಲಾಗದು ಎಂದಳು.

ಮಧ್ಯಾಹ್ನದೊಳಗೆ ನಮ್ಮ ಬೀದಿಯವರು ಇನ್ನೂ ಐದು ಜನ ಬಂದರು. ಒಬ್ಬೊಬ್ಬರೇ ಬಂದರು, ಸುಮ್ಮನೆ ಅಧ್ಯಕ್ಷರನ್ನು ಕಂಡು ಹೋಗಲು ಬಂದವರ ಹಾಗೆ. ಬಾಗಿಲಲ್ಲಿ ನಿಂತರು, ಕ್ಷೇಮ ಕೇಳಿದರು, ಒಳಗಿನ ತಂಪು ಮುಖಕ್ಕೆ ತಾಗಿದ ಮೇಲೆ ಹಿಂದಕ್ಕೆ ಹೋಗಲಿಲ್ಲ. ಇನ್ನು ಮೂವರು ಬಂದಿಲ್ಲ. ಸೊಸೆ ಅವರ ಮನೆಗೆ ಹೋಗಿದ್ದಾಳೆ.

ಗಡಿಯಾರದವನೂ ಹೊಲಿಗೆಯವಳೂ ಬರುವುದಿಲ್ಲ.

ನಾದಿನಿ ನನ್ನ ಪಕ್ಕದ ಮಂಚದಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಾಳೆ. ಬೀದಿಯಲ್ಲಿ ಹೋಗುವವರು ಬಾಗಿಲಲ್ಲಿ ನಿಧಾನಿಸಿ ನಮ್ಮಿಬ್ಬರನ್ನೂ ನೋಡುತ್ತಾರೆ. ಸ್ವಲ್ಪ ಹೊತ್ತಿನ ಹಿಂದೆ ಆರೋಗ್ಯಾಧಿಕಾರಿ ಬಂದು, ಜನ ಬಂದರಲ್ಲ, ಇನ್ನು ನೀವು ಬೇಕಾದರೆ ಮನೆಗೆ ಹೋಗಬಹುದು ಎಂದಳು. ಹೋಗುವುದಿಲ್ಲ ಎಂದೆ. ನನ್ನ ಚೀಲವನ್ನು ಮಂಚದ ಕೆಳಗೆ ಆಗಲೇ ಬಿಚ್ಚಿಟ್ಟಿದ್ದೇನೆ.